32 ಬಿಟ್ ಗೇಟ್‌ವೇ, ಗ್ಲಿಬ್‌ಸಿ 2.31: 2036ರ ತನಕ ಪ್ಯಾಚ್ ಹಾಕುತ್ತಾ ಸಾಗಿಸುವುದೋ, ಮೇಲಕ್ಕೆ ಏರಿಸುವುದೋ?

ಭೋಸರಿ_ಬೋರ್ಡ್ (ಪುಣೆ)

ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳಲ್ಲಿ ಯಂತ್ರದ ಪಕ್ಕ ಕೂತು ರೀಡಿಂಗ್ ಸಂಗ್ರಹಿಸುವ ಗೇಟ್‌ವೇ ಪೆಟ್ಟಿಗೆಗಳಿಗೆ ನಮ್ಮದೇ ಲಿನಕ್ಸ್ ಇಮೇಜ್ ಕಟ್ಟಿ ಕೊಡುತ್ತೇವೆ. ಗೋವಾದ ವೆರ್ಣಾದಲ್ಲೂ ಒಂದಷ್ಟು ಇವೆ. 32 ಬಿಟ್ ಎಆರ್‌ಎಂವಿ7 ಹಾರ್ಡ್ ಫ್ಲೋಟ್, 512 ಎಂಬಿ ರ‍್ಯಾಮ್, ಯೋಕ್ಟೊ (ಲಿನಕ್ಸ್ ಇಮೇಜ್ ಕಟ್ಟುವ ಸಲಕರಣೆ) 3.1 ಡನ್‌ಫೆಲ್, ಕರ್ನಲ್ 5.4, ಗ್ಲಿಬ್‌ಸಿ (ಪ್ರೋಗ್ರಾಮ್‌ಗಳು ಆತುಕೊಳ್ಳುವ ಮೂಲ ಸಿ ಲೈಬ್ರರಿ) 2.31. ಡನ್‌ಫೆಲ್‌ನ ಬೆಂಬಲ 2024ರ ಏಪ್ರಿಲ್‌ಗೇ ಮುಗಿದಿದೆ. ಗ್ರಾಹಕರಿಗೆ ನಾವು ಒಪ್ಪಿಕೊಂಡಿರುವುದು 2036ರವರೆಗೆ.

ಇದರ ಮೇಲೆ ಓಡುವುದು ಮೂರು ಬಗೆ. ಸೋರ್ಸ್ ನಮ್ಮ ಕೈಯಲ್ಲಿರುವ ಡೀಮನ್‌ಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳು). ಒಬ್ಬ ಪಿಎಲ್‌ಸಿ (ಯಂತ್ರ ನಿಯಂತ್ರಕ) ತಯಾರಕರು ಕೊಟ್ಟ ಪ್ರೋಟೊಕಾಲ್ ಡ್ರೈವರ್, ಅದು ಬರೀ ಶೇರ್ಡ್ ಲೈಬ್ರರಿ ಫೈಲು. ಇನ್ನು ಹೊಸ ಬಿಲ್ಡ್ ಇಲ್ಲ ಎಂದು ಹೇಳಿಬಿಟ್ಟಿದ್ದಾರೆ. ಕೊನೆಗೆ, ಗ್ರಾಹಕರು ನಮ್ಮ ಎಸ್‌ಡಿಕೆ (ಪ್ಲಗಿನ್ ಬರೆಯಲು ಕೊಡುವ ಕಿಟ್) ಬಳಸಿ ಸಿ ಭಾಷೆಯಲ್ಲಿ ಬರೆದ ಪ್ಲಗಿನ್‌ಗಳು. ಕೆಲವರು ಡಾಕರ್ ಕಂಟೇನರನ್ನೂ ಹಾಕಿಕೊಂಡಿದ್ದಾರೆ.

2.31ನ್ನೇ ಇಟ್ಟುಕೊಂಡು ಸಿವಿಇ (ಬಹಿರಂಗವಾಗಿ ದಾಖಲಾದ ಭದ್ರತಾ ದೋಷ) ಬಂದಾಗ ಪ್ಯಾಚ್ ಹಾಕುತ್ತಾ ಹೋದರೆ ಸಾಲದೇ? ಯೋಕ್ಟೊದ ನಂತರದ ಆವೃತ್ತಿ ಸ್ಕಾರ್ತ್‌ಗ್ಯಾಪ್‌ಗೆ, ಅಂದರೆ ಗ್ಲಿಬ್‌ಸಿ 2.39ಕ್ಕೆ, ಹೋದರೆ ಆ ಮುಚ್ಚಿದ ಡ್ರೈವರ್ ಬದುಕುತ್ತದೆಯೇ? 2038ರ ಸಮಸ್ಯೆಯನ್ನು (32 ಬಿಟ್ ಸೆಕೆಂಡ್ ಎಣಿಕೆ ಆ ವರ್ಷ ತುಂಬಿ ಉಕ್ಕುವುದು) ಈಗಲೇ ಮುಟ್ಟಬೇಕೋ? ಡ್ರೈವರಿನ ಹೆಡರಿನಲ್ಲಿ ಕಾಲ್‌ಬ್ಯಾಕ್‌ಗೆ ಟೈಮ್‌ವ್ಯಾಲ್ ರಚನೆಯನ್ನು (ಸೆಕೆಂಡ್, ಮೈಕ್ರೋಸೆಕೆಂಡ್ ಜೋಡಿ) ನೇರವಾಗಿ ಕೊಡುತ್ತಾರೆ, ತಲೆನೋವು ಅಲ್ಲೇ.

ಲಿಂಕರ್_ಕಾಕಾ (ಔಂಧ್, ಪುಣೆ)

ಏರಿಸಿ. 2.31ರಲ್ಲೇ ಕೂತು 2036 ಮುಟ್ಟಲು ಆಗದು ಅಂತಲ್ಲ. ಆ ದಾರಿ ಹಿಡಿದರೆ ಗ್ಲಿಬ್‌ಸಿ ನಿರ್ವಹಣೆಯೇ ನಿಮ್ಮ ಕಂಪನಿಯ ಇನ್ನೊಂದು ಉತ್ಪನ್ನವಾಗುತ್ತದೆ.

ಸಿವಿಇ ನೋಡಿ ಪ್ಯಾಚ್ ಹಾಕುವ ಲೆಕ್ಕ ಎಲ್ಲಿ ಕೈಕೊಡುತ್ತದೆ ಎನ್ನಲು ಘೋಸ್ಟ್ ದೋಷವೊಂದೇ ಸಾಕು. ಹೋಸ್ಟ್ ಹೆಸರಿನಿಂದ ವಿಳಾಸ ಹುಡುಕುವ ಗೆಟ್‌ಹೋಸ್ಟ್‌ಬೈನೇಮ್ ಒಳಗಿನ ಬಫರ್ ಉಕ್ಕುವ ತಪ್ಪು 2000ನೇ ಇಸವಿಯ 2.2ರಲ್ಲಿ ಸೇರಿಕೊಂಡಿತ್ತು. 2013ರಲ್ಲಿ, 2.18ಕ್ಕೆ ಮುಂಚೆ, ಸಾದಾ ಬಗ್ ಎಂದೇ ಅದನ್ನು ಸರಿಪಡಿಸಿದರು. ಭದ್ರತೆಯ ಹಣೆಪಟ್ಟಿ ಇರಲಿಲ್ಲವಾದ್ದರಿಂದ ದೀರ್ಘಾವಧಿ ಬೆಂಬಲದ ವಿತರಣೆಗಳು ಅದನ್ನು ತಮ್ಮ ಹಳೆಯ ಆವೃತ್ತಿಗಳಿಗೆ ತರಲಿಲ್ಲ. 2015ರ ಜನವರಿಯಲ್ಲಿ ಕ್ವಾಲಿಸ್ ಎಂಬ ಭದ್ರತಾ ಕಂಪನಿಯವರು ಇದನ್ನು ದೂರದಿಂದಲೇ ದುರ್ಬಳಕೆ ಮಾಡಬಹುದು ಎಂದು ತೋರಿಸಿದಾಗ ಅಷ್ಟೂ ಸರ್ವರ್‌ಗಳು ಬೆತ್ತಲಾಗಿದ್ದವು. ಆದ್ದರಿಂದ ಸ್ವಲ್ಪ ಕಾಲ 2.31ರಲ್ಲೇ ಇರಬೇಕಾಗಿ ಬಂದರೂ ಬಿಡಿ ಪ್ಯಾಚ್‌ಗಳನ್ನು ಆಯ್ದು ತರಬೇಡಿ. ಮೂಲ ಗಿಟ್ ಭಂಡಾರದಲ್ಲಿ ಪ್ರತಿ ಆವೃತ್ತಿಗೂ ಒಂದು ಬಿಡುಗಡೆ ಶಾಖೆ ಇದೆ, 2.31ರ ಶಾಖೆಯನ್ನು ಇಡಿಯಾಗಿ ಎಳೆದುಕೊಳ್ಳಿ. ಅಲ್ಲಿ ಹೊಸ ಸಿಂಬಲ್ (ಲೈಬ್ರರಿ ಹೊರಗೆ ಕೊಡುವ ಫಂಕ್ಷನ್ ಹೆಸರು) ಸೇರಿಸುವಂತಿಲ್ಲ, ಎಬಿಐ (ಕಟ್ಟಿದ ಬೈನರಿಗಳ ನಡುವಿನ ಒಪ್ಪಂದ) ಬದಲಿಸುವಂತಿಲ್ಲ ಎಂಬುದು ನಿಯಮ, ಹಾಗಾಗಿ ಧೈರ್ಯವಾಗಿ ಎಳೆಯಬಹುದು. 2024ರಿಂದ ಮುಖ್ಯ ಶಾಖೆಯಲ್ಲಿ ಅಡ್ವೈಸರೀಸ್ ಎಂಬ ಡೈರೆಕ್ಟರಿಯೂ ಇದೆ, ಯಾವ ದೋಷ ಯಾವ ಕಮಿಟ್‌ನಲ್ಲಿ ಸೇರಿತು, ಯಾವುದರಲ್ಲಿ ಹೋಯಿತು ಎಂದು ಬರೆದಿಟ್ಟಿರುತ್ತಾರೆ.

ಇನ್ನು ಡ್ರೈವರ್ ಬದುಕುತ್ತದೆಯೇ ಎಂಬುದು. ಗ್ಲಿಬ್‌ಸಿ ಕೊಡುವ ಮಾತು ಒಂದೇ ದಿಕ್ಕಿನದು: ಹಳೆಯ ಬೈನರಿ ಹೊಸ ಗ್ಲಿಬ್‌ಸಿ ಮೇಲೆ ಓಡಬೇಕು. ಹೊಸದಾಗಿ ಕಟ್ಟಿದ ಬೈನರಿ ಹಳೆಯದರ ಮೇಲೆ ಓಡುತ್ತದೆಂದು ಯಾರೂ ಹೇಳಿಲ್ಲ. ಪ್ರತಿ ಫಂಕ್ಷನ್ನಿಗೂ ಆವೃತ್ತಿಯ ಚೀಟಿ ಅಂಟಿರುತ್ತದೆ. ನಿಮ್ಮ ಎಆರ್‌ಎಂ ಇಎಬಿಐಯಲ್ಲಿ ತಳದ ಚೀಟಿ ಜಿಎಲ್‌ಐಬಿಸಿ_2.4, 64 ಬಿಟ್ ಎಕ್ಸ್86ರಲ್ಲಿ 2.2.5, 64 ಬಿಟ್ ಎಆರ್‌ಎಂನಲ್ಲಿ 2.17. ಯಾವುದೇ ಫಂಕ್ಷನ್ನಿನ ನಡವಳಿಕೆ ಬದಲಾಗಬೇಕಾದರೆ ಹೊಸ ಚೀಟಿಯಡಿ ಹೊಸ ರೂಪ ಬರುತ್ತದೆ, ಹಳೆಯದು ಹಳೆಯ ಚೀಟಿಯಡಿ ಹಾಗೇ ಉಳಿಯುತ್ತದೆ.

ಮೆಮ್‌ಕಾಪಿ ಪ್ರಸಂಗ ಗೊತ್ತಿರಬಹುದು. 2010ರಲ್ಲಿ ಬಂದ ವೇಗದ ಮೆಮ್‌ಕಾಪಿ ಕೆಲವು 64 ಬಿಟ್ ಪ್ರೊಸೆಸರ್‌ಗಳಲ್ಲಿ ಕೊನೆಯಿಂದ ಮೊದಲಿಗೆ ನಕಲಿಸತೊಡಗಿತು. ಒಂದರ ಮೇಲೊಂದು ಬೀಳುವ ಪ್ರದೇಶಗಳಿಗೆ ಮೆಮ್‌ಮೂವ್ ಬಳಸಿ ಎಂದು ಮಾನಕವೇ ಹೇಳುವುದರಿಂದ ಇದು ತಪ್ಪಲ್ಲ. ಆದರೆ ಫ್ಲ್ಯಾಶ್ ಪ್ಲಗಿನ್ ಅಂಥ ಕಡೆಯೂ ಮೆಮ್‌ಕಾಪಿಯನ್ನೇ ಕರೆಯುತ್ತಿತ್ತು, ಫೆಡೋರಾ 14ರಲ್ಲಿ ಅದರ ಧ್ವನಿ ಕೆಟ್ಟಿತು. ಲೀನಸ್ ಟೊರ್ವಾಲ್ಡ್ಸ್ ಬಗ್ ವರದಿಗೇ ಬಂದು ವಾದಕ್ಕಿಳಿದರು. ಕೊನೆಗೆ 2.14ರಲ್ಲಿ ಮೆಮ್‌ಕಾಪಿಗೆ ಹೊಸ ಚೀಟಿ ಬಂತು, 2.2.5ರ ಚೀಟಿ ಹಿಡಿದು ಬರುವ ಹಳೆಯ ಬೈನರಿಗೆ ಮೆಮ್‌ಮೂವ್ ಸಿಗುತ್ತದೆ. ಬಳಸುವವರು ತಪ್ಪು ಮಾಡಿದ್ದರೂ ಓಡುತ್ತಿದ್ದದ್ದು ಓಡುತ್ತಲೇ ಇರಬೇಕು ಎಂಬ ನಿಲುವು ಇದು. ನನಗೆ ಇದೇ ಸರಿ ಎನಿಸುತ್ತದೆ, ಒಪ್ಪದವರೂ ಇದ್ದಾರೆ.

ಸಿಂಬಲ್ ಮಟ್ಟದಲ್ಲಿ ಹಾಗಾದರೆ ಭಯವಿಲ್ಲ. ಒಡೆಯುವುದು ಅದರಾಚೆ. ಡ್ರೈವರ್ ಫೈಲಿನ ಮೇಲೆ ಇವನ್ನು ಓಡಿಸಿ.

ಬೈನರಿಯ ಒಳಗನ್ನು ತೋರಿಸುವ ರೀಡ್‌ಎಲ್ಫ್‌ನಿಂದ ಡೈನಮಿಕ್ ವಿಭಾಗ ನೋಡಿ. ಲಿಬ್‌ಪಿಥ್ರೆಡ್, ಲಿಬ್‌ಡಿಎಲ್ ಬೇಕು ಎಂದಿದ್ದರೆ ಚಿಂತೆಯಿಲ್ಲ: 2.34ರಲ್ಲಿ ಅವು ಲಿಬ್‌ಸಿ ಒಳಗೇ ಸೇರಿದವು, ಹಳೆಯ ಹೆಸರಿನ ಫೈಲುಗಳು ಟೊಳ್ಳಾಗಿ ಉಳಿದಿವೆ. ಇಮೇಜ್ ಗಾತ್ರ ಇಳಿಸುವ ಉತ್ಸಾಹದಲ್ಲಿ ಈ ಟೊಳ್ಳು ಫೈಲುಗಳನ್ನು ಯಾರೋ ತೆಗೆಯುತ್ತಾರೆ. ತೆಗೆದರೆ ಡ್ರೈವರ್ ಲೋಡೇ ಆಗುವುದಿಲ್ಲ.

ಆಬ್ಜ್‌ಡಂಪ್‌ಗೆ ದೊಡ್ಡ ಟಿ ಆಯ್ಕೆ ಕೊಟ್ಟು ಆಮದು ಸಿಂಬಲ್‌ಗಳನ್ನು ಪಟ್ಟಿ ಮಾಡಿ. ಮ್ಯಾಲಕ್ ಹುಕ್‌ಗಳು (ಮೆಮೊರಿ ಹಂಚಿಕೆಯ ನಡುವೆ ತಮ್ಮ ಕೋಡ್ ತೂರಿಸುವ ಕೊಕ್ಕೆಗಳು) ಕಂಡರೆ ಎಚ್ಚರ. 2.34ರಿಂದ ಅವು ಹೆಸರಿಗಷ್ಟೇ ಇವೆ, ಯಾರೂ ಅವನ್ನು ಕರೆಯುವುದಿಲ್ಲ. ಲಿಬ್‌ಸಿ_ಮ್ಯಾಲಕ್_ಡಿಬಗ್ ಫೈಲನ್ನು ಪ್ರಿಲೋಡ್ ಮಾಡಿದರೆ ಮಾತ್ರ ಜೀವ ಬರುತ್ತದೆ. ಸನ್ ಆರ್‌ಪಿಸಿ (ಬೇರೆ ಯಂತ್ರದ ಫಂಕ್ಷನ್ ಕರೆಯುವ ಹಳೆಯ ವ್ಯವಸ್ಥೆ) ಸಿಂಬಲ್‌ಗಳಿದ್ದರೆ ಹಳೆಯ ಬೈನರಿ ಓಡುತ್ತದೆ, ಆದರೆ 2.32ರಿಂದ ಹೊಸದಾಗಿ ಲಿಂಕ್ ಮಾಡಲು ಲಿಬ್‌ಟಿಆರ್‌ಪಿಸಿ ಬೇಕು. ಇದೇ ಪಟ್ಟಿಯಲ್ಲಿ ಜಿಎಲ್‌ಐಬಿಸಿ_ಪ್ರೈವೇಟ್ ಚೀಟಿಯ ಸಿಂಬಲ್ ಒಂದೇ ಒಂದಿದ್ದರೂ ಆಟ ಮುಗಿಯಿತು, ಅದಕ್ಕೆ ಯಾವ ಭರವಸೆಯೂ ಇಲ್ಲ.

ಪ್ರೋಗ್ರಾಮ್ ಹೆಡರ್‌ಗಳಲ್ಲಿ ಜಿಎನ್‌ಯು_ಸ್ಟ್ಯಾಕ್ ಸಾಲು ಹುಡುಕಿ. ಆರ್‌ಡಬ್ಲ್ಯೂ ಇದ್ದರೆ ಸರಿ. ಆರ್‌ಡಬ್ಲ್ಯೂಇ ಇದ್ದರೆ ಡ್ರೈವರ್ ಕಾರ್ಯಗತಗೊಳ್ಳಬಲ್ಲ ಸ್ಟ್ಯಾಕ್ ಕೇಳುತ್ತಿದೆ ಎಂದರ್ಥ. ಬಹುಪಾಲು ಬೇಕಂತ ಕೇಳಿದ್ದಲ್ಲ, ಯಾವುದೋ ಅಸೆಂಬ್ಲಿ ಫೈಲಿನಲ್ಲಿ ಸ್ಟ್ಯಾಕ್ ಟಿಪ್ಪಣಿ ಬರೆಯಲು ಮರೆತದ್ದು. 2.39ರಲ್ಲಿ ಇದು ನಡೆಯುತ್ತದೆ. 2.41ರಿಂದ ಡಿಎಲ್‌ಓಪನ್ (ಓಡುತ್ತಿರುವಾಗ ಲೈಬ್ರರಿ ಲೋಡ್ ಮಾಡುವ ಕರೆ) ಇಂಥದ್ದನ್ನು ನಿರಾಕರಿಸುತ್ತದೆ. ಪ್ಯಾಚ್‌ಎಲ್ಫ್‌ನ ಕ್ಲಿಯರ್-ಎಕ್ಸೆಕ್‌ಸ್ಟ್ಯಾಕ್ ಆಯ್ಕೆಯಿಂದ ಆ ಗುರುತು ಅಳಿಸಿ, ಡ್ರೈವರಿನ ಎಲ್ಲ ಕೆಲಸ ಮಾಡಿಸಿ ನೋಡಿ. ಮುಂದಿನ ಏರಿಕೆಗೆ ಈಗಲೇ ಆಗಬೇಕಾದ ಕೆಲಸ ಇದು.

ಡ್ರೈವರಿನಲ್ಲಿ ಪರವಾನಗಿ ರಕ್ಷಣೆಯ ಕೋಡ್ ಇದ್ದರೆ ಇನ್ನೊಂದು. 2.36ರಲ್ಲಿ ಗ್ಲಿಬ್‌ಸಿ ತನ್ನ ಲೈಬ್ರರಿಗಳಿಂದ ಸಿಂಬಲ್ ಹುಡುಕಲು ಬಳಸುವ ಹಳೆಯ ಡಿಟಿ_ಹ್ಯಾಶ್ ಕೋಷ್ಟಕವನ್ನು ಕೈಬಿಟ್ಟು ಜಿಎನ್‌ಯು ಹ್ಯಾಶ್ ಒಂದನ್ನೇ ಉಳಿಸಿತು. ಸಿಂಬಲ್ ಕೋಷ್ಟಕವನ್ನು ತಾವೇ ಓದುತ್ತಿದ್ದ ಆಟಗಳ ಮೋಸತಡೆ ಸಾಫ್ಟ್‌ವೇರ್ ಆಗ ಕುಸಿದುಬಿತ್ತು, ಹಲವು ವಿತರಣೆಗಳು ಎರಡೂ ಕೋಷ್ಟಕ ಇರುವಂತೆ ಲಿಂಕರ್ ಆಯ್ಕೆ ಬದಲಿಸಿದವು. ನಿಮಗೂ ಬೇಕಾದರೆ ಹ್ಯಾಶ್-ಸ್ಟೈಲ್ ಬೋತ್ ಎಂದು ಕೊಟ್ಟು ಗ್ಲಿಬ್‌ಸಿ ಕಟ್ಟಬಹುದು.

ಚಿಂಚವಡ_ಟೈಮರ್ (ಪಿಂಪರಿ-ಚಿಂಚವಡ)

ಕಾಕಾ ಹೇಳಿದ್ದು ಖರೆ. ಆದ್ರ ಒಂದು ಮಾತು: 2.39ಕ್ಕ ಹೋಗೂದು, ಟೈಮ್‌_ಟಿ (ಸಮಯ ಸೆಕೆಂಡ್‌ನಾಗ ಇಡೂ ಟೈಪ್) 64 ಬಿಟ್ ಮಾಡೂದು, ಎರಡೂ ಒಂದ ರಿಲೀಸ್‌ನಾಗ ಮಾಡಬ್ಯಾಡ್ರಿ. ಮೊದಲ ಗ್ಲಿಬ್‌ಸಿ ಏರಸ್ರಿ, ಟೈಮ್‌_ಟಿ 32 ಬಿಟ್‌ನಾಗ ಇರ್ಲಿ. ಆಮ್ಯಾಲೆ ಎರಡನೇ ರಿಲೀಸ್‌ನಾಗ ಟೈಮ್64. ಯಾಕಂದ್ರ ಮೊದಲನೇದ್ರಾಗ ಏನರ ಒಡದ್ರ ಲೋಡರ್ ಚೀರತದ, ಲಾಗ್‌ನಾಗ ಕಾಣ್ತದ. ಎರಡನೇದ್ರಾಗ ಒಡೆದದ್ದು ಸುಮ್ಮನ ತಪ್ಪು ಸಂಖ್ಯೆ ಬರೀತದ, ಯಾರಿಗೂ ಗೊತ್ತಾಗೂದಿಲ್ಲ.

ಸ್ಕಾರ್ತ್‌ಗ್ಯಾಪ್‌ನಾಗ ಇದಕ್ಕಂತನ ಟೈಮ್64 ಹೆಸರಿನ ಒಂದು ಕಾನ್ಫಿಗ್ ಫೈಲ್ ಅದ. ಅದು ನಿಮ್ಮ ಡಿಸ್ಟ್ರೋಕ್ಕ ಹತ್ತೇತೋ ಇಲ್ಲೋ ಅಂತ ಊಹಾ ಮಾಡಬ್ಯಾಡ್ರಿ. ಬಿಟ್‌ಬೇಕ್ ಇ ಆಯ್ಕೆ ಕೊಟ್ಟು ಕೊನೀಗೆ ಬರೂ ಸಿಫ್ಲ್ಯಾಗ್ಸ್ ತಗದು ನೋಡ್ರಿ.

ಮಾಡೂ ರೀತಿ: _ಟೈಮ್_ಬಿಟ್ಸ್ 64, ಜೋಡಿಗೆ _ಫೈಲ್_ಆಫ್‌ಸೆಟ್_ಬಿಟ್ಸ್ 64. ಎರಡನೇದು ಇಲ್ಲದ ಮೊದಲನೇದು ಕೊಟ್ರ ಹೆಡರ್‌ನಾಗ ಎರರ್ ಬರ್ತದ. ಇದು ಗ್ಲಿಬ್‌ಸಿ 2.34ರಿಂದ, ಅಂದ್ರ 2021ರ ಆಗಸ್ಟ್‌ನಿಂದ ಅದ, ನಿಮ್ಮ 2.31ನಾಗ ಇಲ್ಲ. ಕರ್ನಲ್ ಕಡೆ 64 ಬಿಟ್ ಟೈಮಿನ ಸಿಸ್ಟಮ್ ಕಾಲ್‌ಗಳು 5.1ನಾಗ ಬಂದವು, ನಿಮ್ಮದು 5.4 ಇರೂದ್ರಿಂದ ಅಡ್ಡಿ ಇಲ್ಲ.

ಇಲ್ಲಿ ಸಿಂಬಲ್ ಆವೃತ್ತಿ ನಿಮ್ಮನ್ನ ಕಾಯೂದಿಲ್ಲ, ಇದನ್ನ ಸರಿಯಾಗಿ ತಿಳಕೋರಿ. ಗ್ಲಿಬ್‌ಸಿ ಒಳಗ ಹಳೇ ಫಂಕ್ಷನ್, ಹೊಸ ಫಂಕ್ಷನ್ ಎರಡೂ ಅದಾವ. ಒಂದ ಪ್ರೊಸೆಸ್‌ನಾಗ ಎರಡೂ ಜಾತಿ ಕೋಡ್ ಇದ್ರೂ ಗ್ಲಿಬ್‌ಸಿಗೆ ತೊಂದ್ರಿ ಇಲ್ಲ. ತೊಂದ್ರಿ ನಿಮ್ಮ ಲೈಬ್ರರಿ ಮತ್ತ ಪ್ಲಗಿನ್ ನಡುವ. ಟೈಮ್‌ವ್ಯಾಲ್ ರಚನೆ 8 ಬೈಟ್ ಇದ್ದದ್ದು 16 ಆಗ್ತದ. ಹಳೇ ಪ್ಲಗಿನ್ 8 ಬೈಟ್ ಜಾಗ ಇಟ್ಟು ಕೊಡ್ತದ, ನಿಮ್ಮ ಹೊಸ ಲೈಬ್ರರಿ 16 ಬರೀತದ, ಸ್ಟ್ಯಾಕ್‌ನಾಗ ಬಾಜೂಕಿನ ವೇರಿಯೇಬಲ್ ಹೋತು. ಲಿಂಕರ್ ಒಂದು ಮಾತೂ ಆಡೂದಿಲ್ಲ. ಡೆಬಿಯನ್‌ದವ್ರು 13ನೇ ಆವೃತ್ತಿಗೆ 32 ಬಿಟ್ ಎಆರ್‌ಎಂ ಬದಲಿ ಮಾಡುವಾಗ ಇದಕ್ಕ ಸಾಲುಸಾಲು ಲೈಬ್ರರಿ ಪ್ಯಾಕೇಜ್‌ಗಳಿಗೆ ಹೆಸರಿನ ಕೊನೀಗೆ ಟಿ64 ಹಚ್ಚಿ ಎಲ್ಲಾ ಮತ್ತ ಕಟ್ಟಿದ್ರು. ಐ386 ಮಾತ್ರ ಹಂಗ ಬಿಟ್ರು, ಯಾಕಂದ್ರ ಅದು ಇರೂದ ಹಳೇ ಬೈನರಿಗೋಸ್ಕರ.

ನೀವು ಮಾಡಬೇಕಾದ್ದು: ನಿಮ್ಮ ಎಸ್‌ಡಿಕೆ ಹೆಡರ್‌ನಾಗ ಟೈಮ್‌_ಟಿ, ಟೈಮ್‌ವ್ಯಾಲ್, ಟೈಮ್‌ಸ್ಪೆಕ್, ಆಫ್_ಟಿ, ಸ್ಟ್ಯಾಟ್ ಎಲ್ಲೆಲ್ಲಿ ಅದಾವ ಹುಡುಕ್ರಿ. ಎಲ್ಲಾ ತಗದು 64 ಬಿಟ್ ಪೂರ್ಣಾಂಕದ ನ್ಯಾನೊಸೆಕೆಂಡ್ ಹಾಕ್ರಿ. ಲೈಬ್ರರಿ ಸೋನೇಮ್ (ಆವೃತ್ತಿ ಅಂಕಿ ಸಹಿತ ಇರೂ ಹೆಸರು) ಒಂದು ಅಂಕಿ ಏರಸ್ರಿ. ಪ್ಲಗಿನ್ ಲೋಡ್ ಮಾಡೂ ಮುಂದ ಅದು ಕೊಡೂ ಎಬಿಐ ಸಂಖ್ಯೆ ನೋಡಿ, ಹೊಂದಲಿಲ್ಲಂದ್ರ ವಾಪಸ್ ಕಳಸ್ರಿ. ಅಬಿಡಿಫ್ ಹಳೇ-ಹೊಸ ಲೈಬ್ರರಿ ಎರಡಕ್ಕೂ ಓಡಿಸಿದ್ರ ಯಾವ ರಚನೆಯ ಗಾತ್ರ ಬದಲಾಗೇದ ಅಂತ ಅದ ಹೇಳ್ತದ; ಡಿಬಗ್ ಮಾಹಿತಿ ಸಹಿತ ಕಟ್ಟಿರಬೇಕು ಅಷ್ಟ.

ಇನ್ನ ಕಾಣದ ಜಾಗಾಗಳು. ಪ್ರಿಂಟ್‌ಎಫ್‌ನಾಗ ಟೈಮ್‌_ಟಿಗೆ ಲಾಂಗ್ ಫಾರ್ಮ್ಯಾಟ್ ಕೊಟ್ಟಿದ್ರ ಮುಂದಿನ ಆರ್ಗ್ಯುಮೆಂಟ್ ಎಲ್ಲಾ ಸರೀತಾವ. ಡಬ್ಲ್ಯೂಫಾರ್ಮ್ಯಾಟ್ ಎಚ್ಚರಿಕೆಯನ್ನ ಎರರ್ ಮಾಡಿಟ್ಟು ಒಮ್ಮೆ ಕಟ್ರಿ, ಎಲ್ಲಾ ಸಿಗ್ತಾವ. ಟೈಮ್‌ವ್ಯಾಲ್‌ನ ಹಂಗ ಫೈಲಿಗೆ ಬರ್ದಿಟ್ಟಿದ್ರ ಹಳೇ ಲಾಗ್ ಫೈಲ್ ಓದೂದ ಆಗೂದಿಲ್ಲ. ಡೇಟಾ ಲಾಗರ್ ಅಂದ ಮ್ಯಾಲೆ ನಿಮ್ಮಲ್ಲಿ ಇದು ಇರೂದ. ಫೈಲ್ ತಲೀಗೆ ಆವೃತ್ತಿ ಬೈಟ್ ಹಾಕಿ ಎರಡೂ ಓದೂ ಕೋಡ್ ಇಡ್ರಿ.

ಫೈಲ್‌ಸಿಸ್ಟಮ್ ಕೂಡ. ಎಕ್ಸ್ಟ್4ನಾಗ ಐನೋಡ್ (ಪ್ರತಿ ಫೈಲಿನ ವಿವರ ಇಡೂ ದಾಖಲೆ) 128 ಬೈಟ್ ಇದ್ರ ಗ್ಲಿಬ್‌ಸಿ ಏನ ಮಾಡಿದ್ರೂ ಫೈಲ್ ಸಮಯ 2038 ದಾಟೂದಿಲ್ಲ. 256 ಇದ್ರ 2446ರ ತನಕ ಹೋಗ್ತದ. ಹಳೇ ಎಮ್‌ಕೆ2ಎಫ್‌ಎಸ್ 512 ಎಂಬಿಗಿಂತ ಸಣ್ಣ ಪಾರ್ಟಿಶನ್‌ಗೆ ತಾನ 128 ಹಾಕ್ತಿತ್ತು, ಅದು ಬದಲಾದದ್ದು 1.46.4ನಾಗ. ಸಣ್ಣ ಕಾನ್ಫಿಗ್ ಪಾರ್ಟಿಶನ್ ಇದ್ರ ಟ್ಯೂನ್2ಎಫ್‌ಎಸ್‌ನಿಂದ ಐನೋಡ್ ಗಾತ್ರ ಇವತ್ತ ನೋಡ್ರಿ. ಕರ್ನಲ್ 5.4 ಮೌಂಟ್ ಮಾಡುವಾಗ 2038ರ ಎಚ್ಚರಿಕೆ ಬರೀತದ, ಡಿಮೆಸೇಜ್‌ನಾಗ ಸಿಗ್ತದ.

2036ಕ್ಕ ನಮ್ಮ ಜವಾಬ್ದಾರಿ ಮುಗೀತದ ಅನ್ನಬ್ಯಾಡ್ರಿ. ಗಡಿಯಾರ ಉಕ್ಕೂದು 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಮುಂಜಾನೆ 8 ಗಂಟೆ 44 ನಿಮಿಷ 7 ಸೆಕೆಂಡ್ ದಾಟಿದ ಕೂಡಲೆ. ಆದ್ರ ಮುಂದಿನ ತಾರೀಖು ಲೆಕ್ಕ ಹಾಕೂ ಕೋಡ್ ಅಲ್ಲೀತನಕ ಕಾಯೂದಿಲ್ಲ. 15 ವರ್ಷದ ಆಂತರಿಕ ಸಿಎ (ಬ್ಯಾರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕೂ) ಸರ್ಟಿಫಿಕೇಟ್ 2024ನಾಗ ಮಾಡಿದ್ರ ಅದರ ಕೊನೇ ದಿನಾಂಕ 2039. ಅದನ್ನ ತಾರೀಖಿನಿಂದ ಸೆಕೆಂಡ್ ಎಣಿಕಿ ಮಾಡೂ ಎಮ್‌ಕೆಟೈಮ್‌ಗೆ ಕೊಟ್ರ 32 ಬಿಟ್‌ನಾಗ ಮೈನಸ್ ಒಂದು ವಾಪಸ್ ಬರ್ತದ, ನಿಮ್ಮ ಕೋಡ್ ಅದನ್ನ 1969 ಅಂತ ತಿಳಕೊಂಡು ಸರ್ಟಿಫಿಕೇಟ್ ಮುಗದದ ಅಂತದ.

ಭೋಸರಿ_ಬೋರ್ಡ್ (ಪುಣೆ)

ಇಬ್ಬರಿಗೂ ಧನ್ಯವಾದ. ಡ್ರೈವರ್ ಪರೀಕ್ಷಿಸಿದೆ: ಜಿಎನ್‌ಯು_ಸ್ಟ್ಯಾಕ್ ಆರ್‌ಡಬ್ಲ್ಯೂಇ ಇದೆ, ಪ್ರೈವೇಟ್ ಸಿಂಬಲ್ ಇಲ್ಲ, ಹುಕ್ ಇಲ್ಲ. ಲಿಬ್‌ಪಿಥ್ರೆಡ್ ಬೇಡುತ್ತದೆ. ಆಮದುಗಳಲ್ಲಿ ಎಫ್‌ಓಪನ್64 ಕಾಣುತ್ತದೆ.

ಎರಡು ಸಂಶಯ. ಟೈಮ್64 ಆದ ಮೇಲೆ ಈ ಡ್ರೈವರನ್ನು ಕರೆಯುವುದು ಹೇಗೆ? ಮತ್ತು, ಇಷ್ಟೆಲ್ಲಾ ಮಾಡುವ ಬದಲು ಮಸಲ್‌ಗೆ (ಗ್ಲಿಬ್‌ಸಿಗೆ ಬದಲಿಯಾದ ಚಿಕ್ಕ ಸಿ ಲೈಬ್ರರಿ) ಹೋಗಬಾರದೇ ಎಂದು ತಂಡದಲ್ಲಿ ಒಬ್ಬರು ಹಟ ಹಿಡಿದಿದ್ದಾರೆ.

ಲಿಂಕರ್_ಕಾಕಾ (ಔಂಧ್, ಪುಣೆ)

ಎಫ್‌ಓಪನ್64 ಇದೆ ಅಂದರೆ ಅವರು ಫೈಲ್ ಆಫ್‌ಸೆಟ್ 64, ಟೈಮ್ 32 ಎಂದು ಕಟ್ಟಿದ್ದಾರೆ. ಅವರ ಹೆಡರನ್ನು ಸೇರಿಸಿಕೊಳ್ಳುವ ಒಂದೇ ಒಂದು ಸಿ ಫೈಲ್ ಇರಲಿ. ಅದನ್ನು ಮಾತ್ರ _ಟೈಮ್_ಬಿಟ್ಸ್ ತೆಗೆದು, ಫೈಲ್ ಆಫ್‌ಸೆಟ್ 64 ಉಳಿಸಿಕೊಂಡು ಕಂಪೈಲ್ ಮಾಡಿ. ಕಾಲ್‌ಬ್ಯಾಕ್‌ನಲ್ಲಿ ಬರುವ 8 ಬೈಟಿನ ಟೈಮ್‌ವ್ಯಾಲನ್ನು ಅಲ್ಲೇ 64 ಬಿಟ್ ಪೂರ್ಣಾಂಕ ಮಾಡಿ ಆಚೆ ಕೊಡಿ. ಉಳಿದ ಕೋಡ್ ಆ ಹೆಡರನ್ನು ನೋಡಲೇಬಾರದು. ಫೈಲಿನೊಳಗೆ ಟೈಮ್‌_ಟಿ ಗಾತ್ರ 4 ಎಂದು ಸ್ಟ್ಯಾಟಿಕ್ ಅಸರ್ಟ್ ಹಾಕಿಬಿಡಿ, ನಾಳೆ ಯಾರಾದರೂ ಮೇಕ್‌ಫೈಲ್ ಚೊಕ್ಕ ಮಾಡಿದರೆ ಬಿಲ್ಡ್ ಅಲ್ಲೇ ನಿಲ್ಲಲಿ.

ಇದಕ್ಕಿಂತ ಒಳ್ಳೆಯದು ಡ್ರೈವರನ್ನು ಬೇರೆ ಪ್ರೊಸೆಸ್‌ನಲ್ಲಿ ಓಡಿಸಿ ಯುನಿಕ್ಸ್ ಸಾಕೆಟ್ ಮೂಲಕ ಮಾತಾಡುವುದು. ಆರ್‌ಡಬ್ಲ್ಯೂಇ ಸ್ಟ್ಯಾಕ್ ಇರುವ ಫೈಲನ್ನು ಡಿಎಲ್‌ಓಪನ್ ಮಾಡಿದರೆ 2.39ರಲ್ಲಿ ನಿಮ್ಮ ಇಡೀ ಡೀಮನ್ನಿನ ಸ್ಟ್ಯಾಕ್‌ಗಳೇ ಕಾರ್ಯಗತಗೊಳ್ಳುವಂತಾಗುತ್ತವೆ. ಭದ್ರತಾ ಲೆಕ್ಕಪರಿಶೋಧನೆಯಲ್ಲಿ ಮೊದಲು ಬರುವ ಆಕ್ಷೇಪಣೆ ಅದು. ಆದರೂ ಒಂದು ಮಿತಿ ಉಳಿಯುತ್ತದೆ: 2038 ದಾಟಿದ ಮೇಲೆ ಡ್ರೈವರ್ ವಾಸ್ತವ ಗಡಿಯಾರಕ್ಕೆ ಹಳೆಯ ಕ್ಲಾಕ್_ಗೆಟ್‌ಟೈಮ್ ಕರೆದರೆ ಇಓವರ್‌ಫ್ಲೋ ಎರರ್ ಸಿಗುತ್ತದೆ. ಮೊನೊಟಾನಿಕ್ ಗಡಿಯಾರ ಬೂಟ್‌ನಿಂದ ಎಣಿಸುವುದರಿಂದ ಅದಕ್ಕೆ ಬಾಧೆಯಿಲ್ಲ. ಡ್ರೈವರ್ ಎರಡರಲ್ಲಿ ಯಾವುದನ್ನು ನೆಚ್ಚಿಕೊಂಡಿದೆ ಎಂದು ಎಲ್‌ಟ್ರೇಸ್ ಹಾಕಿ ನೋಡಿ.

ಟೈಮರ್ ಅವರು ಎರಡು ಹಂತ ಎಂದರು. ನನ್ನ ಅಭಿಪ್ರಾಯ ಬೇರೆ. ಗ್ರಾಹಕರ ಕೈಲಿ ಪ್ಲಗಿನ್ ಎರಡು ಸಲ ಕಟ್ಟಿಸುವುದು ಎಂದರೆ ಎರಡನೇ ಸಲ ಅರ್ಧ ಜನ ಕಟ್ಟುವುದೇ ಇಲ್ಲ. ಎಸ್‌ಡಿಕೆ ಹೆಡರಿನ ಬದಲಾವಣೆಯನ್ನು ಮೊದಲ ರಿಲೀಸಿನಲ್ಲೇ ಮಾಡಿ, ಟೈಮ್64 ಬಾವುಟವನ್ನು ಎರಡನೆಯದರಲ್ಲಿ ಏರಿಸಿ. ಹೆಡರಿನಲ್ಲಿ ಟೈಮ್‌_ಟಿಯೇ ಇಲ್ಲದಿದ್ದರೆ ಪ್ಲಗಿನ್ ಯಾವ ಬಗೆಯದಾದರೂ ನಡೆಯುತ್ತದೆ.

ಚಿಂಚವಡ_ಟೈಮರ್ (ಪಿಂಪರಿ-ಚಿಂಚವಡ)

ಅದು ಒಪ್ಪಿಗಿ ಅದ. ಹೆಡರ್ ಮೊದಲ, ಬಾವುಟ ಆಮ್ಯಾಲೆ.

ಮಡಗಾಂವ್_ಮಸಲ್ (ಗೋವಾ)

ಮಸಲ್ ಪಕ್ಷದವನೇ ನಾನು, ಆದರೂ ನಿಮಗೆ ಬೇಡ ಎನ್ನುತ್ತೇನೆ. ಮುಚ್ಚಿದ ಡ್ರೈವರ್ ಗ್ಲಿಬ್‌ಸಿಗೆ ಲಿಂಕ್ ಆಗಿದೆ, ಅಲ್ಲಿಗೆ ಚರ್ಚೆ ಮುಗಿಯಿತು. ಗ್ಲಿಬ್‌ಸಿ ಬೈನರಿಗಳನ್ನು ಮಸಲ್ ಮೇಲೆ ಓಡಿಸುವ ಜಿಕಂಪ್ಯಾಟ್ ಪದರದ ಮೇಲೆ ಉತ್ಪನ್ನ ನಿಲ್ಲಿಸಬೇಡಿ.

ಹಟ ಹಿಡಿದವರಿಗೆ ತೋರಿಸಲು ಉಳಿದ ಕಾರಣಗಳು: ಮಸಲ್‌ನಲ್ಲಿ ಥ್ರೆಡ್ ಸ್ಟ್ಯಾಕ್ ಪೂರ್ವನಿಯೋಜಿತ 128 ಕೆಬಿ, ಗ್ಲಿಬ್‌ಸಿಯಲ್ಲಿ ಯುಲಿಮಿಟ್ ನೋಡಿ ಸಾಮಾನ್ಯವಾಗಿ 8 ಎಂಬಿ, ದೊಡ್ಡ ಬಫರನ್ನು ಸ್ಟ್ಯಾಕ್‌ನಲ್ಲಿಟ್ಟ ಗ್ರಾಹಕರ ಪ್ಲಗಿನ್ ಸುಮ್ಮನೆ ಸಾಯುತ್ತದೆ. ಎನ್‌ಎಸ್‌ಎಸ್ (ಬಳಕೆದಾರ, ಹೋಸ್ಟ್ ಹೆಸರು ಹುಡುಕುವ ಮಾಡ್ಯೂಲ್‌ಗಳ ವ್ಯವಸ್ಥೆ) ಇಲ್ಲ. ಡಿಎಲ್‌ಕ್ಲೋಸ್ ಏನನ್ನೂ ಇಳಿಸುವುದಿಲ್ಲ, ಹಾಗಾಗಿ ಓಡುತ್ತಿರುವಾಗಲೇ ಪ್ಲಗಿನ್ ಬದಲಿಸುವ ವಿನ್ಯಾಸವಿದ್ದರೆ ಅದು ಹೋಯಿತು. ಡಿಎನ್‌ಎಸ್ ಉತ್ತರ ದೊಡ್ಡದಾದಾಗ ಟಿಸಿಪಿಗೆ ಹೋಗುವ ಸೌಲಭ್ಯ ಬಂದದ್ದೇ 1.2.4ರಲ್ಲಿ, 2023ರಲ್ಲಿ. ಇದಕ್ಕೆ ಎದುರಾಗಿ ಒಂದು ಮೆಚ್ಚಬೇಕಾದದ್ದು: 2020ರ 1.2.0ದಲ್ಲೇ ಎಲ್ಲ 32 ಬಿಟ್ ಪ್ಲಾಟ್‌ಫಾರ್ಮ್‌ಗಳಿಗೂ ಟೈಮ್‌_ಟಿ 64 ಬಿಟ್ ಮಾಡಿ ಕೈತೊಳೆದುಕೊಂಡರು. ಓಪನ್‌ಬಿಎಸ್‌ಡಿ ಇನ್ನೂ ಮೊದಲೇ, 2014ರ 5.5ರಲ್ಲಿ, ಅವರು ಹಳೆಯ ಬೈನರಿಗೆ ಮಾತು ಕೊಡುವುದೇ ಇಲ್ಲವಾದ್ದರಿಂದ ಅವರಿಗೆ ಅದು ಸುಲಭ.

ಠಾಣೆ_ಕಂಟೇನರ್ (ಮುಂಬೈ)

ಡಾಕರ್ ಎಂದಿರಲ್ಲ, ಅದನ್ನು ಯಾರೂ ಮುಟ್ಟಲಿಲ್ಲ. ಗೇಟ್‌ವೇಯ ಗ್ಲಿಬ್‌ಸಿ ಹಳೆಯದಿದ್ದರೂ ಕಂಟೇನರ್ ಒಳಗೆ ಹೊಸದು ಬರುತ್ತದೆ. ಅಡ್ಡ ನಿಲ್ಲುವುದು ಸೆಕ್‌ಕಾಂಪ್, ಅಂದರೆ ಸಿಸ್ಟಮ್ ಕಾಲ್‌ಗಳನ್ನು ಸೋಸುವ ಜರಡಿ.

ಹೊಸ ಲಿಬ್‌ಸಿ ಹೊಸ ಸಿಸ್ಟಮ್ ಕಾಲ್ ಪ್ರಯತ್ನಿಸುತ್ತದೆ. ಕರ್ನಲ್‌ಗೆ ಗೊತ್ತಿಲ್ಲದಿದ್ದರೆ ಇನೋಸಿಸ್ (ಅಂಥ ಕಾಲ್ ಇಲ್ಲ) ಎರರ್ ಬರುತ್ತದೆ, ಲಿಬ್‌ಸಿ ಹಳೆಯ ಕಾಲ್‌ಗೆ ಇಳಿಯುತ್ತದೆ. ಆದರೆ ಹಳೆಯ ಡಾಕರ್ ತನಗೆ ಗೊತ್ತಿಲ್ಲದ ಕಾಲ್‌ಗೆ ಇಪರ್ಮ್ (ಅನುಮತಿ ಇಲ್ಲ) ಎರರ್ ಕೊಡುತ್ತದೆ. ಅದನ್ನು ಲಿಬ್‌ಸಿ ನಿಜವಾದ ನಿರಾಕರಣೆ ಎಂದುಕೊಂಡು ಅಲ್ಲೇ ಕೈಚೆಲ್ಲುತ್ತದೆ. ಎರಡು ಪ್ರಸಿದ್ಧ ಲಕ್ಷಣಗಳು: ಗ್ಲಿಬ್‌ಸಿ 2.34 ಅಥವಾ ಮೇಲಿನ ಕಂಟೇನರಿನಲ್ಲಿ ಥ್ರೆಡ್ ಹುಟ್ಟುವುದೇ ಇಲ್ಲ, ಅನುಮತಿ ಇಲ್ಲ ಎನ್ನುತ್ತದೆ. ಕಾರಣ ಥ್ರೆಡ್ ಹುಟ್ಟಿಸುವ ಹೊಸ ಕಾಲ್ ಕ್ಲೋನ್3, ಪರಿಹಾರ ಡಾಕರ್ 20.10.10 ಅಥವಾ ಹೊಸದು. ಇನ್ನೊಂದು ನಿಮ್ಮಂಥ 32 ಬಿಟ್ ಬೋರ್ಡ್‌ಗಳದೇ: ಮಸಲ್ ಬಳಸುವ ಆಲ್ಪೈನ್ ಲಿನಕ್ಸ್ 3.13 ಅಥವಾ ಮೇಲಿನದರಲ್ಲಿ ಗಡಿಯಾರ ಅಸಂಬದ್ಧ ದಿನಾಂಕ ತೋರಿಸುತ್ತದೆ, ಟಿಎಲ್‌ಎಸ್ ಎಲ್ಲ ಮುರಿಯುತ್ತದೆ. ಅಲ್ಲಿ ಬೇಕಾದದ್ದು ಹೋಸ್ಟ್‌ನಲ್ಲಿ ಲಿಬ್‌ಸೆಕ್‌ಕಾಂಪ್ 2.4.2 ಮತ್ತು ಡಾಕರ್ 19.03.9, ಕನಿಷ್ಠ. ಪರಿಹಾರ ಎಂದು ಸೆಕ್‌ಕಾಂಪನ್ನೇ ಆರಿಸುವ ಸಲಹೆ ಅಂತರ್ಜಾಲದ ತುಂಬ ಇದೆ. ಕಾರಣ ಖಚಿತಪಡಿಸಿಕೊಳ್ಳಲು ಒಮ್ಮೆ ಆರಿಸಿ ನೋಡಿ, ಗ್ರಾಹಕರ ಪೆಟ್ಟಿಗೆಯಲ್ಲಿ ಹಾಗೇ ಬಿಡಬೇಡಿ.

ಸರ್ವರ್ ಕಡೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರೆ ಒಂದು ಮಾತು. 2018ರ ಗ್ಲಿಬ್‌ಸಿ 2.28ರಲ್ಲಿ ಅಕ್ಷರ ವಿಂಗಡಣೆಯ ಕೋಷ್ಟಕ ಪೂರ್ತಿ ಬದಲಾಯಿತು. ಪಠ್ಯ ಕಾಲಂನ ಇಂಡೆಕ್ಸ್ ಹಳೆಯ ಕ್ರಮದಲ್ಲಿ ಡಿಸ್ಕ್‌ನಲ್ಲಿರುತ್ತದೆ, ಹೊಸ ಗ್ಲಿಬ್‌ಸಿ ಬೇರೆ ಕ್ರಮದಲ್ಲಿ ಹುಡುಕುತ್ತದೆ. ಇರುವ ಸಾಲು ಸಿಗುವುದಿಲ್ಲ, ಯೂನಿಕ್ ಕಾಲಂನಲ್ಲಿ ನಕಲು ಸೇರುತ್ತದೆ. ಡೆಬಿಯನ್ 9ರಿಂದ 10, ರೆಡ್‌ಹ್ಯಾಟ್ 7ರಿಂದ 8 ದಾಟಿದವರೆಲ್ಲ ಈ ಗೆರೆ ದಾಟಿದ್ದಾರೆ. ಯಾವ ಬದಿಯಲ್ಲಿದ್ದೀರಿ ಎಂದು ತಿಳಿಯಲು ಇಂಗ್ಲಿಷ್ ಅಮೆರಿಕ ಯುಟಿಎಫ್-8 ಲೊಕೇಲ್‌ನಲ್ಲಿ 1-1 ಮತ್ತು 11 ಎಂಬ ಎರಡು ಸಾಲನ್ನು ಸಾರ್ಟ್‌ಗೆ ಕೊಡಿ. 11 ಮೊದಲು ಬಂದರೆ ಹಳೆಯದು, 1-1 ಮೊದಲು ಬಂದರೆ ಹೊಸದು. ದಾಟಿದ ಮೇಲೆ ಪಠ್ಯ ಇಂಡೆಕ್ಸ್‌ಗಳನ್ನೆಲ್ಲ ರೀಇಂಡೆಕ್ಸ್ ಮಾಡಿ, ಅನುಮಾನವಿದ್ದರೆ ಇಂಡೆಕ್ಸ್ ಪರೀಕ್ಷಿಸುವ ಆಮ್‌ಚೆಕ್ ಓಡಿಸಿ. ಯಂತ್ರದ ಬಿಡಿಭಾಗಗಳ ಸಂಕೇತಗಳಲ್ಲಿ ಅಡ್ಡಗೆರೆ ತುಂಬಾ ಇರುವುದರಿಂದ ಇದು ನಿಮಗೆ ನೇರ ತಗಲುತ್ತದೆ. ಅದೇ ಡೇಟಾ ಡೈರೆಕ್ಟರಿಯನ್ನು ಆಲ್ಪೈನ್ ಇಮೇಜಿಗೂ ಡೆಬಿಯನ್ ಇಮೇಜಿಗೂ ಅದಲುಬದಲು ಮಾಡುವವರಿಗೂ ಇದೇ ಗತಿ, ಮಸಲ್ ಬೈಟ್ ಲೆಕ್ಕದಲ್ಲಷ್ಟೇ ವಿಂಗಡಿಸುತ್ತದೆ.

ಲಿಂಕರ್_ಕಾಕಾ (ಔಂಧ್, ಪುಣೆ)

ಪೆಟ್ಟಿಗೆಗೆ ಕಳಿಸುವ ರೀತಿ ಹೇಳಿಬಿಡುತ್ತೇನೆ. ಲಿಬ್‌ಸಿ ಮತ್ತು ಡೈನಮಿಕ್ ಲೋಡರ್ ಒಂದೇ ಬಿಲ್ಡ್‌ನವಾಗಿರಬೇಕು. ಅವು ಪ್ರೈವೇಟ್ ಸಿಂಬಲ್‌ಗಳಿಂದ ಒಂದಕ್ಕೊಂದು ಹೊಲಿದುಕೊಂಡಿವೆ. ಪ್ಯಾಕೇಜ್ ಅಪ್‌ಡೇಟ್ ಅರ್ಧದಲ್ಲಿ ವಿದ್ಯುತ್ ಹೋಗಿ ಒಂದು ಬದಲಾಗಿ ಇನ್ನೊಂದು ಉಳಿದರೆ ಎಲ್‌ಎಸ್ ಕೂಡ ಓಡುವುದಿಲ್ಲ, ಸಿಪಿ ಕೂಡ ಓಡುವುದಿಲ್ಲ. ಆದ್ದರಿಂದ ಎ-ಬಿ ಪಾರ್ಟಿಶನ್‌ನಲ್ಲಿ (ಒಂದು ಓಡುವಾಗ ಇನ್ನೊಂದಕ್ಕೆ ಬರೆಯುವ ಜೋಡಿ) ಇಡೀ ರೂಟ್ ಬರೆಯಿರಿ, ರಿಕವರಿಗೆ ಸ್ಟ್ಯಾಟಿಕ್ ಬಿಝಿಬಾಕ್ಸ್ (ಲಿಬ್‌ಸಿ ಫೈಲಿನ ಹಂಗಿಲ್ಲದ ಕಿರು ಸಲಕರಣೆಗಳ ಕಟ್ಟು) ಇಡಿ. ಓಡುತ್ತಿರುವ ಸಿಸ್ಟಮ್ ಮೇಲೆ ಲಿಬ್‌ಸಿ ಬದಲಿಸಲೇಬೇಡಿ. ಹಳೆಯ ಲಿಬ್‌ಸಿ ಹಿಡಿದ ಡೀಮನ್ ಆಮೇಲೆ ಯಾವಾಗಲೋ ಹೊಸ ಎನ್‌ಎಸ್‌ಎಸ್ ಮಾಡ್ಯೂಲನ್ನು ಡಿಎಲ್‌ಓಪನ್ ಮಾಡಿ ಬೀಳುತ್ತದೆ, ಆಗ ಅಪ್‌ಡೇಟ್ ನೆನಪು ಯಾರಿಗೂ ಇರುವುದಿಲ್ಲ.

ಗ್ಲಿಬ್‌ಸಿಗೆ ನೀವೇ ಪ್ಯಾಚ್ ಸೇರಿಸುವುದಾದರೆ ಮೇಕ್ ಚೆಕ್ (ಗ್ಲಿಬ್‌ಸಿಯ ಸ್ವಂತ ಪರೀಕ್ಷೆಗಳು) ಬಿಡಬೇಡಿ. ಬೋರ್ಡ್‌ನಲ್ಲೇ ಕಟ್ಟಬೇಕಿಲ್ಲ, ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿ ಕ್ರಾಸ್-ಟೆಸ್ಟ್-ಎಸ್‌ಎಸ್‌ಎಚ್ ಇದೆ, ಅದನ್ನು ಟೆಸ್ಟ್-ರ‍್ಯಾಪರ್ ಆಗಿ ಕೊಟ್ಟರೆ ಪರೀಕ್ಷೆಗಳು ಬೋರ್ಡ್ ಮೇಲೆ ಓಡುತ್ತವೆ. ಸೋರ್ಸ್ ಮತ್ತು ಬಿಲ್ಡ್ ಡೈರೆಕ್ಟರಿಗಳು ಎನ್‌ಎಫ್‌ಎಸ್ ಮೂಲಕ ಎರಡೂ ಕಡೆ ಒಂದೇ ಪಾತ್‌ನಲ್ಲಿ ಕಾಣಬೇಕು. ನಿಧಾನ ಬೋರ್ಡ್‌ನಲ್ಲಿ ಟೈಮ್‌ಔಟ್‌ಫ್ಯಾಕ್ಟರ್ ಪರಿಸರ ಚರವನ್ನು 10ಕ್ಕೋ 20ಕ್ಕೋ ಏರಿಸಿ, ಇಲ್ಲದಿದ್ದರೆ ಥ್ರೆಡ್ ಪರೀಕ್ಷೆಗಳು ಸುಳ್ಳು ವೈಫಲ್ಯ ತೋರಿಸುತ್ತವೆ. ಪ್ಯಾಚ್ ಇಲ್ಲದ ಬಿಲ್ಡ್‌ನ ಫಲಿತಾಂಶವನ್ನು ಮೊದಲು ತೆಗೆದಿಟ್ಟು ಎರಡನ್ನೂ ಹೋಲಿಸಿ, ಪೂರ್ತಿ ಹಸಿರು ಬರಲಿ ಎಂದು ಕಾಯಬೇಡಿ. ಚೆಕ್-ಎಬಿಐ ಗುರಿ ಮಾತ್ರ ಒಂದಕ್ಷರವೂ ತಪ್ಪಬಾರದು: ಅದು ರಫ್ತು ಸಿಂಬಲ್‌ಗಳನ್ನು ಅಬಿಲಿಸ್ಟ್ ಫೈಲಿಗೆ ಹೋಲಿಸುತ್ತದೆ. ವ್ಯತ್ಯಾಸ ಬಂದಾಗ ಅಪ್‌ಡೇಟ್-ಎಬಿಐ ಓಡಿಸಿ ಬಾಯಿ ಮುಚ್ಚಿಸುವವರನ್ನು ಕೋಡ್ ರಿವ್ಯೂನಲ್ಲಿ ತಡೆಯಿರಿ.

2.31ರಲ್ಲಿ ಇನ್ನೂ ಇರುವಷ್ಟು ದಿನ ಒಂದು ಕೆಲಸ ಇವತ್ತೇ ಮಾಡಬಹುದು. ಸಿವಿಇ-2024-2961, ಅಕ್ಷರ ಸಂಕೇತ ಬದಲಿಸುವ ಐಕಾನ್ವ್‌ನ ಐಎಸ್ಒ-2022-ಸಿಎನ್-ಇಎಕ್ಸ್‌ಟಿ ಪರಿವರ್ತಕದ ದೋಷ, ನಿಮ್ಮ ಆವೃತ್ತಿಗೂ ತಗಲುತ್ತದೆ. ಜಿಕಾನ್ವ್ ಡೈರೆಕ್ಟರಿಯಿಂದ ಆ ಮಾಡ್ಯೂಲ್ ತೆಗೆದು, ಜಿಕಾನ್ವ್-ಮಾಡ್ಯೂಲ್ಸ್ ಫೈಲಿನ ಅದರ ಸಾಲುಗಳನ್ನು ಅಳಿಸಿ, ಐಕಾನ್ವ್‌ಕಾನ್ಫಿಗ್ ಓಡಿಸಿ ಕ್ಯಾಶ್ ಮರುಕಟ್ಟಿ. ಯುಟಿಎಫ್-8 ಪರಿವರ್ತನೆ ಲಿಬ್‌ಸಿ ಒಳಗೇ ಇದೆ. ಗೇಟ್‌ವೇಗೆ ಉಳಿದ ಪರಿವರ್ತಕಗಳಲ್ಲಿ ಯಾವುದು ಬೇಕೆಂದು ಪಟ್ಟಿ ಮಾಡಿ ನೋಡಿ, ಬಹುಶಃ ಒಂದೂ ಇರುವುದಿಲ್ಲ.